ಒದೆಯದ ಜಿಂಕೆ

ಮಾರ್ಚ್ ೨

ತಮ್ಮಾ,

ಫೋನ್ ಎತ್ತಲಿಲ್ಲವೆಂದು ಮುನಿಸಿಕೊಂಡಿದ್ದೀಯಂತೆ. ನಿನ್ನ ಭಾವ ಹೇಳಿದರು. ನಿನ್ನೊಬ್ಬನದೇ ಅಲ್ಲ, ಯಾರ ಫೋನನ್ನೂ ನಾನು ಎತ್ತುತ್ತಿಲ್ಲ. ಒಂದೇ ಕಥೆಯನ್ನು ಎಲ್ಲರಿಗೂ ಮೊದಲಿನಿಂದ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರಿ. ಆ ಕಾಡಂಚಿನಲ್ಲಿ ಕಾಲು ಮುರಿದ ಪ್ರಾಣಿಗಳಿಗೆ ಪಟ್ಟಿ ಕಟ್ಟುತ್ತಾ ಕೂತವನಿಗೆ ಬಿಡುವಿಗೇನು ಬರ?

ನಡೆದದ್ದು ಇಷ್ಟು. ಒಂಬತ್ತನೆಯ ಮಹಡಿಗೆ ಕಬ್ಬಿಣದ ಸರಳುಗಳ ಕಟ್ಟನ್ನು ಕ್ರೇನಿನಲ್ಲಿ ಎತ್ತುತ್ತಿದ್ದೆ. ಕಟ್ಟಿಗೆ ಸುತ್ತಿದ್ದ ಬೆಲ್ಟ್ ತುಂಡಾಯಿತು. ಸರಳುಗಳು ಕೆಳಗೆ ಸುರಿದವು. ಕೆಳಗೆ ಬಾವುಟ ಇದ್ದ. ನಿನಗೆ ಅವನ ಬಗ್ಗೆ ಹೇಳಿದ್ದೇನೆ, ನೆಲದ ಮೇಲೆ ನಿಂತು ಎತ್ತು, ಇಳಿಸು, ನಿಲ್ಲಿಸು ಎಂದು ನನ್ನ ಕ್ರೇನಿಗೆ ಕೈಸನ್ನೆ ಮಾಡುವವನು. ಸದಾ ಕೈ ಆಡಿಸುತ್ತಿರುತ್ತಾನೆಂದು ಸೈಟಿನವರು ಆ ಹೆಸರಿಟ್ಟಿದ್ದರು. ಅವನ ಎಡಗಾಲು ಜಜ್ಜಿಹೋಗಿದೆ. ಜೀವಕ್ಕೆ ಅಪಾಯವಿಲ್ಲ.

ನಾನು ಕೊಕ್ಕೆಯನ್ನು ಖಾಲಿ ಜಾಗದ ಕಡೆ ತಿರುಗಿಸಿ ನಿಲ್ಲಿಸಿದೆ. ಮೋಟಾರ್ ಆರಿಸಿದೆ. ಏಣಿ ಇಳಿದೆ. ವರದಿ ಬರೆದೆ. ಮನೆಗೆ ಬಂದು ಊಟ ಮಾಡಿ ಮಲಗಿದೆ. ತಪ್ಪು ಬೆಲ್ಟಿನದು, ನನ್ನದೇನೂ ಇಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. "ಎಂಥ ಗಟ್ಟಿ ಹೆಂಗಸಪ್ಪಾ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ" ಎಂದು ಸೈಟಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಮತ್ತೆ ಕ್ರೇನ್ ಹತ್ತಬೇಕಾದರೆ ಪರೀಕ್ಷೆ ಕೊಡಬೇಕು. ಅದಕ್ಕೂ ಮೊದಲು ಒಬ್ಬ ಕೌನ್ಸೆಲರ್ ಮುಂದೆ ಕೂರಬೇಕೆಂದು ಕಂಪನಿಯ ನಿಯಮ. ಒಳ್ಳೆಯ ಹೆಂಗಸು, ಮಾತು ಮಾತಿಗೂ ತಲೆಯಾಡಿಸುತ್ತಾರೆ. ನಾನು ಅವರಿಗೆ ಸಮಾಧಾನದ ಮೇಡಂ ಎಂದು ಹೆಸರಿಟ್ಟಿದ್ದೇನೆ. ಶಾಲೆಯ ಮಕ್ಕಳಿಗೆ ಕೊಡುವ ಹಾಗೆ ಮನೆಕೆಲಸ ಕೊಟ್ಟಿದ್ದಾರೆ: ಶಾಂತವಾಗಿರುವುದನ್ನು ಪ್ರಕೃತಿ ಹೇಗೆ ಕಲಿಸುತ್ತದೆ, ಎರಡು ಪುಟ. ನಮ್ಮ ಕಿಟಕಿಯಿಂದ ಕಾಣುವ ಪ್ರಕೃತಿ ಎಂದರೆ ಎದುರು ಮನೆಯ ನೀರಿನ ಟ್ಯಾಂಕು. ಅದು ಶಾಂತವಾಗಿಯೇ ಇದೆ, ಆದರೆ ಎರಡು ಪುಟಕ್ಕೆ ಸಾಲದು. ಚಿಕ್ಕಂದಿನಲ್ಲಿ ನಿನ್ನ ಕಾಪಿ ಪುಸ್ತಕವನ್ನೆಲ್ಲ ಬರೆದುಕೊಟ್ಟವಳು ನಾನು. ಈಗ ನನಗೆ ನೀನು ಬರೆದುಕೊಡು ಗೂಬೆ.

ಅಕ್ಕ

ಮಾರ್ಚ್ ೭

ಅಕ್ಕಾ,

ಅಂತೂ ನನ್ನ ಬುದ್ಧಿಗೆ ಬೆಲೆ ಕೊಡುವ ಕಾಲ ಬಂತು. ಕೌನ್ಸೆಲರ್ ಮೇಡಮ್ಮಿಗೆ ನನ್ನ ನಮಸ್ಕಾರ ಹೇಳು. ಈ ವಿಷಯದಲ್ಲಿ ಎರಡು ಪುಟವಲ್ಲ, ಪುಸ್ತಕವನ್ನೇ ಬರೆದೇನು. ಇಲ್ಲಿ ಕೇಳುವವರಿಲ್ಲ, ಅಷ್ಟೆ.

ಮೊದಲು ಬಾತುಕೋಳಿ. ನಮ್ಮ ಕೊಳದಲ್ಲಿ ಎರಡು ಗಂಡುಗಳಿವೆ, ದಿನಾ ಬೆಳಗ್ಗೆ ಜಗಳ. ಕಚ್ಚಾಡಿ, ಕಿರುಚಾಡಿ, ನೀರನ್ನೆಲ್ಲ ಎಬ್ಬಿಸಿ, ಆಮೇಲೆ ಬೇರೆ ಬೇರೆ ದಿಕ್ಕಿಗೆ ಹೋಗಿ ರೆಕ್ಕೆಗಳನ್ನು ಜೋರಾಗಿ ಬಡಿಯುತ್ತವೆ. ಅಲ್ಲಿಗೆ ಮುಗಿಯಿತು. ಏನೂ ಆಗಿಲ್ಲವೇನೋ ಎಂಬಂತೆ ತೇಲುತ್ತವೆ. ನಮ್ಮ ಚಿಕ್ಕಪ್ಪಂದಿರು ಇದನ್ನು ಕಲಿತಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ಲವಾ?

ಎರಡನೆಯದು ಆಮೆ. ಅದರ ಬಗ್ಗೆ ಎಲ್ಲರಿಗೂ ಗೊತ್ತು, ನಾಲ್ಕು ಸಾಲು ನೀನೇ ಸೇರಿಸಿಕೋ.

ನಿಜವಾದ ಗುರು ಎಂದರೆ ನಮ್ಮ ಹೊಸ ಜಿಂಕೆ. ಹೆಣ್ಣು. ಬೇಲಿಯ ತಂತಿಗೆ ಸಿಕ್ಕಿ ತೊಡೆ ಸೀಳಿಕೊಂಡು ಬಂದಿತ್ತು. ಗಾಯ ಮೇಲಿನದೇ, ಡಾಕ್ಟರಮ್ಮ ಹೊಲಿಗೆ ಹಾಕಿದರು. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಇಂಥ ಪ್ರಾಣಿಯನ್ನು ಕಂಡಿಲ್ಲ. ಕೈ ಹಾಕಿದರೆ ಅಲುಗುವುದಿಲ್ಲ. ಪಟ್ಟಿ ಬಿಚ್ಚಿ, ತೊಳೆದು, ಹೊಸ ಪಟ್ಟಿ ಕಟ್ಟುವಷ್ಟು ಹೊತ್ತೂ ಕಣ್ಣು ಅಗಲಿಸಿಕೊಂಡು ಸುಮ್ಮನೆ ಮಲಗಿರುತ್ತದೆ. ಒಂದು ಸಲವೂ ಒದೆಯಲಿಲ್ಲ. ಪಕ್ಕದ ಕೊಟ್ಟಿಗೆಯಲ್ಲಿ ಒಬ್ಬ ಗಂಡು ಜಿಂಕೆ ಇದ್ದಾನೆ, ರೌಡಿ. ಬಾಗಿಲು ತೆರೆದರೆ ಸಾಕು, ಎಗರಿ ಗೋಡೆಗೆ ಗುದ್ದಿ ತುಟಿ ಒಡೆದುಕೊಳ್ಳುತ್ತಾನೆ. ನನ್ನ ಮೊಣಕಾಲಿಗೆ ಅವನು ಕೊಟ್ಟ ಏಟು ಇನ್ನೂ ನೀಲಿಯಾಗಿದೆ. ಇಬ್ಬರಿಗೂ ಒಂದೇ ಕಷ್ಟ. ಆದರೆ ಅವಳು ಹೇಗೆ ತಡೆದುಕೊಂಡಿದ್ದಾಳೆ ನೋಡು. ಬರುವುದು ಬರಲಿ ಎಂದು ದೇಹವನ್ನು ಬಿಟ್ಟುಕೊಟ್ಟು ಮಲಗುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಿನಗೆ ಬಂದಿದೆ ಅಕ್ಕಾ. ನಿನ್ನ ಪತ್ರ ಓದಿದಾಗ ನನಗೆ ಅವಳದೇ ನೆನಪಾಯಿತು.

ಬಾವುಟ ಹೇಗಿದ್ದಾನೆ? ನೋಡಿಕೊಂಡು ಬಂದೆಯಾ?

ನಿನ್ನ ಗೂಬೆ

ಮಾರ್ಚ್ ೧೨

ತಮ್ಮಾ,

ನಿನ್ನ ಪತ್ರವನ್ನು ಹೆಚ್ಚೂಕಡಿಮೆ ಹಾಗೇ ಇಳಿಸಿಕೊಟ್ಟೆ. ಚಿಕ್ಕಪ್ಪಂದಿರನ್ನು ಮಾತ್ರ ಬಿಟ್ಟೆ. ಸಮಾಧಾನದ ಮೇಡಂಗೆ ಜಿಂಕೆ ಬಹಳ ಹಿಡಿಸಿತು. "ಇದನ್ನ ದಿನಾ ಅಭ್ಯಾಸ ಮಾಡಿ" ಎಂದರು. ಮಾಡುತ್ತಿದ್ದೇನೆ.

ಕಷ್ಟವೇನೂ ಇಲ್ಲ. ನಿನ್ನೆ ಒಲೆಯ ಮೇಲೆ ಹಾಲಿಟ್ಟು ಎದುರಿಗೇ ನಿಂತಿದ್ದೆ. ಹಾಲು ಮೇಲೆ ಬಂತು, ಉಕ್ಕಿತು, ಒಲೆ ಆರಿತು, ಕಟ್ಟೆಯಿಂದ ನೆಲಕ್ಕೆ ಹರಿಯಿತು. ನೋಡುತ್ತಲೇ ಇದ್ದೆ. ಗಾಬರಿಯೇ ಆಗಲಿಲ್ಲ. ನಿನ್ನ ಭಾವ ಓಡಿಬಂದು ಗ್ಯಾಸ್ ಬಂದ್ ಮಾಡಿದರು. ಮೊದಲಾಗಿದ್ದರೆ ನಾನೇ ಮನೆ ಎದ್ದುಹೋಗುವ ಹಾಗೆ ಕೂಗಾಡುತ್ತಿದ್ದೆ, ನಿನಗೆ ಗೊತ್ತು. ಪಾಠ ಹತ್ತಿದೆ ಎಂದುಕೊಂಡೆ.

ನಿದ್ದೆ ಚೆನ್ನಾಗಿ ಬರುತ್ತಿದೆ. ಕನಸೂ ಬೀಳುವುದಿಲ್ಲ. ಮೊನ್ನೆ ನಿನ್ನ ಭಾವ ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದರಂತೆ. ಅವರೂ ಮಗಳೂ ತಟ್ಟೆ ತಳ್ಳಿ ಎದ್ದರು. ನಾನು ತಿಂದು ಮುಗಿಸಿದ್ದೆ.

ಇಲ್ಲಿ ಬಿಸಿಲು ಜೋರಾಗುತ್ತಿದೆ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ಅಕ್ಕ

ಮಾರ್ಚ್ ೧೬

ಅಕ್ಕಾ,

ಹಾಲಿನ ಕಥೆಯನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ಕೋಪ ಬಂದರೆ ಪಾತ್ರೆ ಹಾರಿಸುತ್ತಿದ್ದ ನನ್ನಕ್ಕ ಇವಳೇನಾ ಎಂದು ನನಗೇ ನಂಬಿಕೆಯಾಗಲಿಲ್ಲ.

ನಮ್ಮ ಜಿಂಕೆಗೆ ಈಗ ದೊಡ್ಡ ಹೆಸರು. ಮೊನ್ನೆ ಶಾಲೆಯ ಮಕ್ಕಳು ಬಂದಿದ್ದರು. ಡಾಕ್ಟರಮ್ಮ ಪಟ್ಟಣಕ್ಕೆ ಹೋಗಿದ್ದರು. ನಾನೇ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟು ಕುತ್ತಿಗೆ ಸವರಿಸಿದೆ. ಜಿಂಕೆ ಒಂದು ಚೂರೂ ಮಿಸುಕಲಿಲ್ಲ. ಒಂದು ಹುಡುಗಿ ಅದರ ಕಿವಿಯಲ್ಲಿ ಏನೋ ಗುಟ್ಟು ಹೇಳಿ ಬಂದಳು. ಟೀಚರ್ "ಇದಕ್ಕೆ ಮನುಷ್ಯರು ಅಂದ್ರೆ ಎಷ್ಟು ಇಷ್ಟ" ಎಂದಾಗ ನಾನೇ ಹೆತ್ತ ಮಗುವೇನೋ ಎಂಬಷ್ಟು ಬೀಗಿದೆ. ರೌಡಿಯನ್ನು ತೋರಿಸಲೇ ಇಲ್ಲ. ಅವನು ಅಷ್ಟು ಹೊತ್ತೂ ಬಾಗಿಲು ಗುದ್ದುತ್ತಿದ್ದ.

ಬಾವುಟನ ವಿಷಯ ಕೇಳಿದ್ದೆ, ನೀನು ಬರೆಯಲಿಲ್ಲ. ಮರೆತೆಯೇನೋ.

ಗೂಬೆ

ಮಾರ್ಚ್ ೨೦

ತಮ್ಮಾ,

ಪರೀಕ್ಷೆ ಇದೇ ಇಪ್ಪತ್ತೊಂಬತ್ತಕ್ಕೆ. ಇನ್‌ಸ್ಪೆಕ್ಟರ್ ನನ್ನ ಜೊತೆ ಕ್ಯಾಬಿನ್ನಿಗೆ ಹತ್ತುತ್ತಾರೆ. ಮೂರು ಲೋಡ್ ಎತ್ತಿ ಅವರು ಹೇಳಿದ ಜಾಗದಲ್ಲಿ ಇಳಿಸಬೇಕು. ಪಾಸಾದರೆ ಮಾರನೆಯ ದಿನದಿಂದಲೇ ಕೆಲಸ. ಕೆಳಗೆ ಕೈಸನ್ನೆಗೆ ಹೊಸಬನೊಬ್ಬ ಬಂದಿದ್ದಾನೆ. ದಪ್ಪ ಮೀಸೆ, ಮಾತಿಲ್ಲ ಕಥೆಯಿಲ್ಲ. ಕಂಬ ನೆಟ್ಟ ಹಾಗೆ ನಿಲ್ಲುತ್ತಾನೆ.

ಸಮಾಧಾನದ ಮೇಡಂ ಸಹಿ ಹಾಕಿಕೊಟ್ಟರು. ಅವರು ನೋಡಿದವರಲ್ಲೇ ನಾನು ಬೇಗ ಸುಧಾರಿಸಿದವಳಂತೆ.

ಮಗಳಿಗೆ ಮಾತ್ರ ಏನೋ ಆಗಿದೆ. ಮೊನ್ನೆ ಗಾಜಿನ ಲೋಟ ಒಡೆದಳು. ನಾನು ಪೊರಕೆ ತಂದು ಗುಡಿಸಿದೆ. ನಿನ್ನೆ ಇನ್ನೊಂದು ಒಡೆದಳು, ಅದನ್ನೂ ಗುಡಿಸಿದೆ. ಎದುರಿಗೆ ಬಂದು ನಿಂತು, "ಅಮ್ಮಾ, ಒಂದ್ಸಲ ಬೈಯಮ್ಮ" ಎಂದಳು. "ಯಾಕೆ ಬೈಬೇಕು, ಲೋಟ ತಾನೇ" ಎಂದೆ. ಅಳುತ್ತಾ ಒಳಗೆ ಹೋದಳು. ಈ ವಯಸ್ಸಿನ ಹುಡುಗಿಯರ ತಲೆಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು.

ಬಾವುಟನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರಂತೆ. ಇವತ್ತು ಸೈಟಿನಲ್ಲಿ ಹೇಳಿದರು. ಆಸ್ಪತ್ರೆ ನಮ್ಮ ಬಸ್ಸಿನ ದಾರಿಯಲ್ಲೇ ಇದೆ. ಹೋಗಬೇಕು.

ಅಕ್ಕ

ಮಾರ್ಚ್ ೨೬

ಅಕ್ಕಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮಗೆ ಮೇವು ತರುವ ವ್ಯಾನಿನವರು ನಾಳೆ ನಿಮ್ಮ ಊರಿಗೆ ಬರುತ್ತಾರೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಓದಿದ ಮೇಲೆ ನನ್ನ ಮೇಲೆ ಸಿಟ್ಟಾದರೂ ಆಗು, ಆದರೆ ಪೂರ್ತಿ ಓದು.

ಜಿಂಕೆ ಸತ್ತುಹೋಯಿತು.

ನಿನ್ನೆ ಬೆಳಗ್ಗೆ ಮೇವು ಹಾಕಲು ಹೋದಾಗ ಎಂದಿನಂತೆ ಮಲಗಿತ್ತು. ಎಂದಿನಂತೆಯೇ ಇದೆ ಎಂದುಕೊಂಡು ನೀರು ತುಂಬಿಸಿದೆ, ಪಾತ್ರೆ ತೊಳೆದೆ, ಅದರ ಜೊತೆ ಮಾತೂ ಆಡಿದೆ. ಕುತ್ತಿಗೆ ಸವರಿದಾಗ ತಣ್ಣಗಿತ್ತು. ಬದುಕಿದ್ದಾಗಲೂ ಸತ್ತಾಗಲೂ ಅದು ಒಂದೇ ಥರ ಕಾಣುತ್ತಿತ್ತು ಅಕ್ಕಾ.

ಡಾಕ್ಟರಮ್ಮ ಕೊಯ್ದು ನೋಡಿದರು. ಗಾಯ ಮುಕ್ಕಾಲು ವಾಸಿಯಾಗಿತ್ತು. ಒಳಗೆ ತೊಡೆಯ, ಬೆನ್ನಿನ ಮಾಂಸವೆಲ್ಲ ಬೇಯಿಸಿದ ಹಾಗೆ ಬೆಳ್ಳಗಾಗಿತ್ತು. ಹೆದರಿಕೆಯಿಂದ ಹಾಗಾಗುತ್ತದಂತೆ. ನಾನು "ಹೆದರಿಕೆ ಎಲ್ಲಿತ್ತು ಡಾಕ್ಟ್ರೇ, ಅಷ್ಟು ಶಾಂತವಾಗಿತ್ತಲ್ಲ" ಎಂದೆ. ಅವರು ಕೈಗವಸು ಬಿಚ್ಚುತ್ತಾ ನನ್ನ ಮುಖವನ್ನೇ ನೋಡಿದರು. "ಎದೆಬಡಿತ ನೋಡಿದ್ರಾ?" ಎಂದರು. ನೋಡಿರಲಿಲ್ಲ. ದಿನಾ ನೋಡಿ ಬರೆಯಬೇಕಾದವನು ನಾನೇ. ಆರಾಮಾಗಿದ್ದ ಪ್ರಾಣಿಯನ್ನು ಯಾಕೆ ಸುಮ್ಮನೆ ಕೆಣಕಬೇಕು ಎಂದು ಬಿಟ್ಟಿದ್ದೆ.

ಡಾಕ್ಟರಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಜಿಂಕೆ ಮೊದ್ಲು ಓಡತ್ತೆ. ಓಡೋಕಾಗದಿದ್ರೆ ಒದೆಯತ್ತೆ. ಅದೂ ಆಗಲ್ಲ ಅಂತ ಗೊತ್ತಾದ್ರೆ ಸುಮ್ಮನಾಗಿಬಿಡತ್ತೆ. ಅದು ಸಮಾಧಾನ ಅಲ್ಲ ಕಣ್ರೀ. ಹೊರಗೆ ಅಲುಗಾಡಲ್ಲ, ಒಳಗೆ ಎದೆ ಕುದುರೆ ಥರ ಓಡ್ತಿರತ್ತೆ. ಆ ರೌಡಿ ಬದುಕ್ಕೋತಾನೆ ನೋಡಿ, ಅವನ ಹೆದರಿಕೆಯೆಲ್ಲ ನಿಮ್ಮ ಮೊಣಕಾಲಿಗೆ ಬಂತು."

ಸುಮ್ಮನಿದ್ದ ಪ್ರಾಣಿ ಮತ್ತೆ ನಡುಗಲು ಶುರು ಮಾಡಿದರೆ ಒಳ್ಳೆಯದಂತೆ. ಮೈಯೆಲ್ಲ ಗಡಗಡ ನಡುಗಿ, ಕೊಡವಿಕೊಂಡು, ಆಮೇಲೆ ಅದು ಮೇವಿಗೆ ಬಾಯಿ ಹಾಕುತ್ತದಂತೆ. ಬಾತುಕೋಳಿ ರೆಕ್ಕೆ ಬಡಿಯುವುದೂ ಅದಕ್ಕೇ. ಅದನ್ನು ಕಣ್ಣಾರೆ ಕಂಡು, ನಿನಗೆ ಬರೆದೂ, ಜಂಬದಲ್ಲಿ ನನಗೆ ತಿಳಿಯದೇ ಹೋಯಿತು. ಒಂದು ತರಗತಿಯಷ್ಟು ಮಕ್ಕಳ ಕೈಯನ್ನು ಅದರ ಮೈಮೇಲೆ ಹಾಕಿಸಿದೆನಲ್ಲ. ಅದಕ್ಕೆ ಇಷ್ಟ ಎಂದು ಹೇಳಿಕೊಂಡು.

ಆಮೇಲೆ ಕೂತು ನಿನ್ನ ಪತ್ರಗಳನ್ನು ಮತ್ತೆ ಓದಿದೆ. ಹಾಲು, ಉಪ್ಪು, ಮಗಳು. ಮೊದಲ ಸಲ ಓದಿ ನಕ್ಕವನು ಈಗ ಎದ್ದು ಆಫೀಸಿಗೆ ಓಡಿ ನಿಮ್ಮ ಮನೆಗೆ ಫೋನ್ ಮಾಡಿದೆ. ಭಾವ ಎತ್ತಿ "ಆರಾಮಾಗಿದ್ದಾಳೆ ಮಾರಾಯ, ಚಿಂತೆ ಬಿಡು" ಎಂದು ನಿನಗೆ ಕೊಟ್ಟರು. ನೀನು "ಚೆನ್ನಾಗಿದೀನಿ" ಎಂದೆ. ನೆನಪಿದೆಯಾ? ನಾನು ಏನು ಕೇಳಿದರೂ ಅದೊಂದೇ ಮಾತು. ಆ ಧ್ವನಿ ನಿನ್ನದಲ್ಲ.

ಪರೀಕ್ಷೆಗೆ ಹೋಗಬೇಡ. ಮುಂದಕ್ಕೆ ಹಾಕಿಸು. ನೀನು ಕೆಲಸ ಕಳೆದುಕೊಳ್ಳುತ್ತೀಯೆಂದು ನನಗೆ ಹೆದರಿಕೆಯಿಲ್ಲ. ನೀನು ಹೀಗೆಯೇ ಮೇಲೆ ಕೂತು, ಕೆಳಗೆ ಇನ್ನೊಬ್ಬ ನಿಂತಿದ್ದಾಗ ಏನಾದರೂ ಆದರೆ, ಹಾಲು ಉಕ್ಕುವುದನ್ನು ನೋಡಿದ ಹಾಗೆ ನೋಡುತ್ತಾ ಕೂರುತ್ತೀಯೇನೋ ಎಂದು ಹೆದರಿಕೆ.

ತಮ್ಮ

ಮಾರ್ಚ್ ೨೭

ವ್ಯಾನಿನವರು ಚಹಾ ಕುಡಿಯುತ್ತಿದ್ದಾರೆ, ಅವರು ಏಳುವುದರೊಳಗೆ ಬರೆಯುತ್ತಿದ್ದೇನೆ.

ನಿನ್ನ ಜಿಂಕೆ ಸತ್ತದ್ದು ಬೇಜಾರಿನ ಸಂಗತಿ. ಆದರೆ ನಾನು ಜಿಂಕೆಯಲ್ಲ. ಇಪ್ಪತ್ತು ದಿನದ ಕೆಳಗೆ ಅದರ ಹಾಗೆ ಇರು ಎಂದವನು ನೀನೇ, ಈಗ ಅದರ ಹಾಗೆ ಇರಬೇಡ ಎನ್ನುವವನೂ ನೀನೇ. ಯಾವುದಾದರೂ ಒಂದನ್ನು ಹೇಳು. ನಾನು ಸರಿಯಿದ್ದೇನೆ ಎಂದು ಕೌನ್ಸೆಲರ್ ಹೇಳಿದರು, ಕಂಪನಿ ಹೇಳಿತು, ನಿನ್ನ ಭಾವನೂ ಹೇಳುತ್ತಾರೆ. ಕಾಡಿನಲ್ಲಿ ಕೂತವನಿಗೆ ಮಾತ್ರ ನನ್ನ ಧ್ವನಿ ನನ್ನದಲ್ಲ ಎಂದು ಗೊತ್ತಾಯಿತು.

ಪರೀಕ್ಷೆಗೆ ಹೋಗುತ್ತೇನೆ.

ಅಕ್ಕ

ಮಾರ್ಚ್ ೩೦

ಅಕ್ಕಾ,

ನಿನ್ನೆ ಸಂಜೆ ಫೋನ್ ಮಾಡಿದೆ. "ಪಾಸಾಗಿದಾಳಂತೆ, ಸೈಟಿನವರು ಹೇಳಿದ್ರು. ಆದ್ರೆ ಇನ್ನೂ ಮನೆಗೆ ಬಂದಿಲ್ಲ" ಎಂದರು ಭಾವ. ಇವತ್ತು ಬೆಳಗ್ಗೆ ಮಾಡಿದಾಗ "ಬಂದಿದಾಳೆ, ಮಲಗಿದಾಳೆ, ಈಗ ಮಾತು ಬೇಡ" ಎಂದರು. ಅವರು ಆರಾಮಾಗಿದ್ದಾಳೆ ಎನ್ನದೇ ಇದ್ದದ್ದು ಇದೇ ಮೊದಲು.

ಉಪದೇಶ ಮಾಡುವುದಿಲ್ಲ. ನಿನಗಾದಾಗ ಒಂದು ಸಾಲು ಬರಿ. ಬೈದಾದರೂ ಬರಿ.

ತಮ್ಮ

ಏಪ್ರಿಲ್ ೯

ತಮ್ಮಾ,

ಇದು ಮೂರನೆಯ ಪ್ರಯತ್ನ. ಮೊದಲೆರಡನ್ನೂ ಹರಿದುಹಾಕಿದೆ.

ಆ ದಿನ ನಿನ್ನ ಮೇಲಿನ ಕೋಪದಲ್ಲೇ ಏಣಿ ಹತ್ತಿದೆ. ಪಾಪಿ, ನಿನ್ನ ಪತ್ರ ತಲೆಯೊಳಗೆ ಹೊಕ್ಕಿತ್ತು. ಇಲ್ಲದಿದ್ದರೆ ಏಣಿಯ ಮೆಟ್ಟಿಲನ್ನು ಅಷ್ಟು ಗಮನಿಸುತ್ತಿರಲಿಲ್ಲ. ಬಿಸಿಲಿಗೆ ಕಾದ ಕಬ್ಬಿಣ. ನನ್ನ ಹಿಂದೆ ಇನ್‌ಸ್ಪೆಕ್ಟರ್ "ಉಸ್ಸಪ್ಪಾ, ಸುಡುತ್ತೆ" ಎಂದು ಕೈ ಕೊಡವುತ್ತಾ ಬರುತ್ತಿದ್ದರು. ನನ್ನ ಅಂಗೈಗೆ ಏನೂ ತಿಳಿಯುತ್ತಿರಲಿಲ್ಲ. ಬೇರೆ ಯಾರದೋ ಕೈಯನ್ನು ನೋಡುತ್ತಿರುವಂತಿತ್ತು.

ಮೊದಲ ಲೋಡ್ ಎತ್ತಿದೆ, ಇಳಿಸಿದೆ. ಎರಡನೆಯದನ್ನೂ ಎತ್ತಿದೆ, ಇಳಿಸಿದೆ. ಆಮೇಲೆ ಇನ್‌ಸ್ಪೆಕ್ಟರ್ ನನ್ನ ಬೆನ್ನು ತಟ್ಟಿ "ಭೇಷ್! ಮೂರನೇದಂತೂ ಕೂದಲೆಳೆ ಅತ್ತಿತ್ತ ಆಗಿಲ್ಲ" ಎಂದರು. ನಾನು ಕೆಳಗೆ ನೋಡಿದೆ. ಮೂರನೆಯ ಲೋಡ್ ಗೆರೆ ಎಳೆದ ಜಾಗದಲ್ಲೇ ಕೂತಿತ್ತು. ಅದನ್ನು ಎತ್ತಿದ್ದು ನನಗೆ ನೆನಪಿಲ್ಲ. ತಿರುಗಿಸಿದ್ದು ನೆನಪಿಲ್ಲ. ಹೊಸಬ ಅದರ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದ. ನಾನು ಇಳಿಸುವಾಗ ಅವನು ದೂರವಿದ್ದನೋ ಹತ್ತಿರವಿದ್ದನೋ, ಅದೂ ನೆನಪಿಲ್ಲ. ಅವನ ತಲೆಯ ಮೇಲೆ ನಾನು ಏನನ್ನು ಆಡಿಸಿದೆನೋ ನನಗೆ ಗೊತ್ತಿಲ್ಲ ತಮ್ಮಾ.

"ಸಹಿ ಹಾಕ್ಬೇಡಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. "ನಾನು ಇಲ್ಲಿರಲಿಲ್ಲ ಸಾರ್" ಎಂದೆ. ತಮಾಷೆ ಎಂದುಕೊಂಡು ನಕ್ಕರು. ಎರಡನೆಯ ಸಲ ಹೇಳಿದಾಗ ಪೆನ್ನಿನ ಮುಚ್ಚಳ ಹಾಕಿದರು. ಕೆಳಗೆ ಬಂದಾಗ ಸೈಟಿನವರು ಚಪ್ಪಾಳೆ ತಟ್ಟಿದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಅವರೇ ನಿನ್ನ ಭಾವನಿಗೆ ಫೋನ್ ಮಾಡಿದ್ದು.

ಬಸ್ಸು ಹತ್ತಿದೆ. ಆಸ್ಪತ್ರೆಯ ನಿಲ್ದಾಣ ಬಂದಾಗ ಇಳಿದೆ. ಇಷ್ಟು ದಿನ ಆ ನಿಲ್ದಾಣ ಬಂದಾಗಲೆಲ್ಲ ನಾನು ಇನ್ನೊಂದು ಬದಿಯ ಕಿಟಕಿಯಲ್ಲಿ ನೋಡುತ್ತಿದ್ದೆ. ಇದನ್ನು ನಿನಗೆ ಬರೆದಿರಲಿಲ್ಲ.

ಬಾವುಟ ದಿಂಬಿಗೆ ಒರಗಿ ಕೂತಿದ್ದ. ಆರು ವರ್ಷ ಅವನ ಕೈಯನ್ನು ನೋಡಿದ್ದೇನೆಯೇ ಹೊರತು ಅವನ ಜೊತೆ ನಾಲ್ಕು ಮಾತಾಡಿದವಳಲ್ಲ. ಹತ್ತಿರದಿಂದ ನೋಡಿದರೆ ಕೆನ್ನೆಯ ಮೇಲೆ ಸಿಡುಬಿನ ಕಲೆಗಳಿವೆ. ಅವನು ಮಾತಿನ ಮಲ್ಲನೆಂದು ಅವತ್ತೇ ತಿಳಿದದ್ದು.

"ಬಂದ್ರಾ? ಮೇಸ್ತ್ರಿ ಬಂದ, ಇಂಜಿನಿಯರ್ ಬಂದ, ಕ್ಯಾಂಟೀನ್ ಹುಡುಗ್ರು ಬಂದ್ರು. ಬೆಲ್ಟ್ ಮಾರಿದವನೂ ಹಣ್ಣು ತಂದ. ನೀವು ಬರ್ಲಿಲ್ಲ. ನಾನೇನು ನಿಮ್ದು ತಪ್ಪು ಅಂದ್ನಾ? ಬೆಲ್ಟ್ ಕಿತ್ಕೊಂಡಾಗ ನಾನು ಮೇಲೆ ನೋಡ್ದೆ. ನಿಮ್ಮ ಮುಖ ಗಾಜಿನ ಹಿಂದೆ ಕಾಣ್ತಿತ್ತು. ಆಮೇಲೆ ಎಷ್ಟು ದಿನ ಆಯ್ತು, ಆ ಮುಖ ಏನಾಯ್ತೋ ಅಂತ ನಾನಿಲ್ಲಿ ಮಲಗಿ ಯೋಚ್ನೆ ಮಾಡ್ತಿದೀನಿ, ನಂದೇ ಕಾಲು ಹೋಗಿರೋವಾಗ!"

ಕ್ಷಮಿಸು ಎನ್ನಲು ಬಾಯಿ ತೆರೆದೆ. ಹಲ್ಲು ಕಟಕಟ ಎಂದಿತು. ಮೊದಲು ದವಡೆ, ಆಮೇಲೆ ಕೈ, ಆಮೇಲೆ ಮೊಣಕಾಲು. ಮಂಚದ ಕಂಬಿ ಹಿಡಿದುಕೊಂಡರೆ ಮಂಚವೇ ಗಡಗಡ ಎಂದಿತು. ಬಾವುಟ ಹೆದರಿ ನರ್ಸಮ್ಮನನ್ನು ಕೂಗಿದ. ಆಕೆ ಒಂದು ಮಾತ್ರೆ ತಂದು "ತಗೊಳ್ಳಿ, ತಕ್ಷಣ ಶಾಂತ ಆಗ್ತೀರ" ಎಂದರು. ಬೇಡವೆಂದು ತಲೆಯಾಡಿಸಿದೆ. ತಲೆ ಹೇಗೂ ಆಡುತ್ತಿತ್ತು. "ಸ್ವಲ್ಪ ಹೊತ್ತು ಹೀಗೇ ಬಿಡಿ" ಎಂದು ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಆಕೆ ಒಳ್ಳೆಯವರು, ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಬಾವುಟ ಮಾತ್ರ ಬಾಯಿ ಮುಚ್ಚಲಿಲ್ಲ. ಊಟ ಸರಿಯಿಲ್ಲ, ಫ್ಯಾನ್ ತಿರುಗಲ್ಲ, ಪಕ್ಕದ ಮಂಚದವನು ಗೊರಕೆ ಹೊಡೀತಾನೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ನಾನು ಹೋ ಎಂದು ಅತ್ತೆ. ಅಷ್ಟು ಜೋರಾಗಿ ಅಪ್ಪ ಹೋದಾಗಲೂ ಅತ್ತಿರಲಿಲ್ಲ.

ಆಮೇಲೆ ವಿಪರೀತ ಹಸಿವಾಯಿತು. ಬೆಲ್ಟ್ ಮಾರಿದವನ ಹಣ್ಣು ಉಳಿದಿತ್ತು, ಬಾವುಟ ಅದನ್ನೇ ಕೊಟ್ಟ. ಹುಳಿಯಾಗಿತ್ತು, ಹಲ್ಲು ಜುಮ್ಮೆನ್ನುವಷ್ಟು. ಎರಡು ತಿಂದೆ.

ಮನೆಗೆ ಬಂದು ಮಗಳಿಗೆ ಬೈದೆ. ಎರಡು ಲೋಟಕ್ಕೂ ಸೇರಿಸಿ. ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು ಬಿಡಲೇ ಇಲ್ಲ. ನಿನ್ನ ಭಾವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಪಾಪ, ನಾನು ಆರಾಮಾಗಿದ್ದೇನೆ ಎಂದು ಊರಿಗೆಲ್ಲ ಹೇಳುತ್ತಾ ಒಳಗೊಳಗೇ ಸಾಯುತ್ತಿದ್ದರಂತೆ.

ಈಗ ಕೆಲಸವಿಲ್ಲ. ಯಾವಾಗ ಹತ್ತುತ್ತೇನೋ, ಹತ್ತುತ್ತೇನೋ ಇಲ್ಲವೋ. ದಿನಾ ಒಂದು ಸಲ ನಡುಕ ಬರುತ್ತದೆ, ಹೋಗುತ್ತದೆ. ಕನಸೂ ಬೀಳುತ್ತಿದೆ. ಚೆನ್ನಾಗಿಲ್ಲ. ಆದರೆ ಚೆನ್ನಾಗಿಲ್ಲ ಎಂದು ನನಗೆ ಗೊತ್ತಿದೆ.

ಅಕ್ಕ

ಏಪ್ರಿಲ್ ೧೪

ಅಕ್ಕಾ,

ನಿನ್ನ ಪತ್ರವನ್ನು ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಕೊಳದ ಹತ್ತಿರ ಕೂತು ಒಬ್ಬನೇ ಓದಿದೆ, ಅತ್ತುಬಿಟ್ಟೆ ಕೂಡ. ಬಾತುಕೋಳಿಗಳಿಗೆ ಅದರಿಂದ ಏನೂ ಆಗಲಿಲ್ಲ, ಜಗಳ ಮುಂದುವರಿಸಿದವು.

ಜಿಂಕೆಯ ವಿಷಯವನ್ನು ಆ ಶಾಲೆಗೆ ಬರೆದು ತಿಳಿಸಿದೆ. ಡಾಕ್ಟರಮ್ಮ ಬೇಡವೆಂದರು, ಮಕ್ಕಳಿಗೆ ಬೇಜಾರಾಗುತ್ತದೆ ಎಂದು. ಅದರ ಕಿವಿಯಲ್ಲಿ ಗುಟ್ಟು ಹೇಳಿದ ಹುಡುಗಿ ಮುಂದೆ ಇನ್ನೊಂದು ಪ್ರಾಣಿಯನ್ನು ಸವರುವ ಮೊದಲು ಒಂದು ಕ್ಷಣ ನಿಲ್ಲಲಿ ಎಂದು ಬರೆದೆ. ಈಗ ದಿನಾ ಬೆಳಗ್ಗೆ ಎಲ್ಲ ಪ್ರಾಣಿಗಳ ಎದೆಬಡಿತ ಕೇಳುತ್ತೇನೆ. ಸುಮ್ಮನಿರುವವನ್ನು ಎರಡು ಸಲ.

ರೌಡಿಯನ್ನು ನಿನ್ನೆ ಕಾಡಿಗೆ ಬಿಟ್ಟೆವು. ಹೋಗುವಾಗ ಇನ್ನೊಂದು ಮೊಣಕಾಲಿಗೂ ಕೊಟ್ಟು ಹೋದ.

ಕ್ರೇನ್ ಹತ್ತು ಎಂದಾಗಲಿ ಹತ್ತಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಹೇಳಿ ಹೇಳಿ ನನಗೆ ಬುದ್ಧಿ ಬಂದಿದೆ.

ತಮ್ಮ

ಮೇ ೨೨

ತಮ್ಮಾ,

ನಿನ್ನೆ ಹತ್ತಿದೆ.

ಪರೀಕ್ಷೆಯನ್ನು ಹೋದ ವಾರ ಮತ್ತೆ ಕೊಟ್ಟೆ. ಎರಡನೆಯ ಲೋಡ್ ಗೆರೆಯಿಂದ ಸ್ವಲ್ಪ ಆಚೆ ಕೂತಿತು, ಇನ್‌ಸ್ಪೆಕ್ಟರ್ ಮೂತಿ ಉಬ್ಬಿಸಿ ಪಾಸು ಮಾಡಿದರು. ಮೂರೂ ನೆನಪಿವೆ. ಸಮಾಧಾನದ ಮೇಡಂಗೆ ನಡೆದದ್ದನ್ನೆಲ್ಲ ಹೇಳಿದೆ, ನಿನ್ನ ಜಿಂಕೆಯ ಗತಿಯನ್ನೂ. ಬಹಳ ಹೊತ್ತು ತಲೆಯಾಡಿಸಲಿಲ್ಲ. ಆಮೇಲೆ ಫೈಲಿನಿಂದ ನನ್ನ ಎರಡು ಪುಟವನ್ನು ತೆಗೆದು ವಾಪಸ್ ಕೊಟ್ಟರು.

ನಿನ್ನೆ ಅರ್ಧ ಏಣಿ ಹತ್ತುವಷ್ಟರಲ್ಲಿ ಕೈ ಬೆವೆತು ಜಾರತೊಡಗಿತು. ನಿಂತೆ. ಕಂಬಿಗೆ ಹಣೆ ಒತ್ತಿಕೊಂಡು ಉಸಿರಾಡಿದೆ. ಕಾಲು ನಡುಗಿತು, ನಡುಗಲು ಬಿಟ್ಟೆ, ನಿಂತಿತು. ಮತ್ತೆ ಹತ್ತಿದೆ. ಹೀಗೆ ಎರಡು ಕಡೆ ನಿಲ್ಲಬೇಕಾಯಿತು. ಕೆಳಗಿನವರಿಗೆ ಬೇಸರವಾಗಿರಬೇಕು, ಯಾರೂ ಕೂಗಲಿಲ್ಲ.

ಮೊದಲ ಲೋಡ್ ಸರಳುಗಳ ಕಟ್ಟೇ ಆಗಿತ್ತು. ಹೊಸ ಬೆಲ್ಟ್, ನಾನೇ ಕೆಳಗೆ ಮುಟ್ಟಿ ನೋಡಿ ಬಂದಿದ್ದೆ. ನೆಲದಿಂದ ಒಂದು ಗೇಣು ಎತ್ತಿ, ಸರಿಯಾಗಿ ತೂಗುತ್ತಿದೆಯೋ ಎಂದು ನೋಡಲು ನಿಲ್ಲಿಸಿದೆ. ಅಲ್ಲಿಂದ ಮೇಲೆ ಎತ್ತಲಾಗಲಿಲ್ಲ. ನಿಧಾನವಾಗಿ ಮತ್ತೆ ನೆಲಕ್ಕಿಟ್ಟೆ. ಇಂಥ ಹೊತ್ತಿನಲ್ಲಿ ಗಾಳಿ ಇದೆ ಎನ್ನಬಹುದು, ಮೋಟಾರ್ ಏಕೋ ಸದ್ದು ಮಾಡುತ್ತಿದೆ ಎನ್ನಬಹುದು. ಈ ಕೆಲಸದ ಹದಿನೆಂಟು ವರ್ಷದಲ್ಲಿ ಎಲ್ಲರೂ ಹಾಗೆ ಹೇಳಿದ್ದನ್ನು ಕೇಳಿದ್ದೇನೆ, ನಾನೂ ಹೇಳಿದ್ದೇನೆ. ನಿನ್ನೆ ವಾಕಿ-ಟಾಕಿಯ ಗುಂಡಿ ಒತ್ತಿ, "ಗಾಳಿ ಇಲ್ಲ, ಲೋಡ್ ಸರಿಯಾಗಿದೆ. ನನಗೆ ಭಯ ಆಗ್ತಿದೆ. ಸ್ವಲ್ಪ ಹೊತ್ತು ನಿಲ್ಲಿಸ್ತೀನಿ" ಎಂದೆ.

ಆ ಮಾತು ಸೈಟಿನಲ್ಲಿ ವಾಕಿ-ಟಾಕಿ ಇದ್ದವರಿಗೆಲ್ಲ ಕೇಳಿಸುತ್ತದೆ. ಒಂಬತ್ತನೆಯ ಮಹಡಿಯಲ್ಲಿ ಕಾಯುತ್ತಿದ್ದವರು ಬಗ್ಗಿ ನೋಡಿದರು. ನನ್ನ ಮರ್ಯಾದೆ ಹೋಯಿತು ಎಂದುಕೊಂಡೆ.

ಆಗ ಹೊಸಬನ ಧ್ವನಿ ಬಂತು. ಇಷ್ಟು ದಿನದಲ್ಲಿ ಅವನು "ಸರಿ ಮೇಡಂ" ಬಿಟ್ಟು ಬೇರೆ ಏನನ್ನೂ ಆಡಿದವನಲ್ಲ.

"ಮೇಡಂ, ನನಗೂ ಇಲ್ಲಿಗೆ ಬಂದ ದಿನದಿಂದ್ಲೂ ಆಗ್ತಿದೆ. ಅವರ ಕಾಲು ಹೋದ ಜಾಗದಲ್ಲೇ ನಿಂತ್ಕೋಬೇಕಲ್ಲ. ನೀವು ಅಷ್ಟು ಆರಾಮಾಗಿದ್ರಿ ಅಂತ ಹೇಳ್ಲಿಲ್ಲ."

ಕೆಳಗೆ ನೋಡಿದೆ. ಕಂಬದ ಹಾಗೆ ನಿಂತಿದ್ದ ಮನುಷ್ಯ ಮರಳಿನ ಚೀಲದ ಮೇಲೆ ಕೂತುಬಿಟ್ಟಿದ್ದ. "ಕೂತ್ಕೊಳ್ಳಿ, ಅವಸರ ಇಲ್ಲ" ಎಂದೆ. ಅವನು ಕೂತಿದ್ದ, ನಾನು ಕಾದೆ. ಆಮೇಲೆ ಎದ್ದು ಪ್ಯಾಂಟು ಕೊಡವಿಕೊಂಡು, ಕಟ್ಟಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಎತ್ತು ಎಂದು ಕೈ ಮಾಡಿದ. ಆ ಕೈ ನಡುಗುತ್ತಿತ್ತು ತಮ್ಮಾ. ಅಷ್ಟು ಎತ್ತರದಿಂದಲೂ ನನಗೆ ಕಂಡಿತು. ಎತ್ತಿದೆ.

ಅಕ್ಕ